ಪ್ಲಾಸ್ಟಿಕ್‌ನಿಂದ ಎಣ್ಣೆ: ವಿಂಗಡಣೆಯೇ ಮುಕ್ಕಾಲು ಕೆಲಸ

ಪುಣೆಯ ಮೇಧಾ ತಾಡಪತ್ರಿಕರ್ ಅವರು ಪ್ರೆಷರ್ ಕುಕ್ಕರ್‌ನಲ್ಲಿ ಪ್ಲಾಸ್ಟಿಕ್ ಕಾಯಿಸಿ ಎಣ್ಣೆ ತೆಗೆಯುವ ಪ್ರಯೋಗ ಆರಂಭಿಸಿದ ಸಂಗತಿ ಇಲ್ಲಿ ಅನೇಕರಿಗೆ ಗೊತ್ತು. ನಾನು ಅಡುಗೆಮನೆಯಲ್ಲಿ ಆ ಸಾಹಸಕ್ಕೆ ಕೈಹಾಕದೆ, ಪುಣೆ ಬಳಿಯ ಭೋಸರಿಯಲ್ಲಿರುವ ನನ್ನ ವರ್ಕ್‌ಶಾಪಿನ ಹಿಂದಿನ ಬಯಲಿನಲ್ಲಿ, ವಿಜಯಪುರ ಕಡೆಯ ವೆಲ್ಡರ್ ಒಬ್ಬರ ನೆರವಿನಿಂದ ದಪ್ಪ ಉಕ್ಕಿನ ಪಾತ್ರೆಯೊಂದನ್ನು ಕಟ್ಟಿಸಿದೆ. ಆದರೆ ಎಣ್ಣೆಯ ಗುಣ ನಿರ್ಧಾರವಾಗುವುದು ಪಾತ್ರೆಯಲ್ಲಲ್ಲ, ಅದಕ್ಕೂ ಮುಂಚಿನ ವಿಂಗಡಣೆಯಲ್ಲಿ.

ಹಾಲಿನ ಪೊಟ್ಟಣ, ಶಾಂಪೂ ಡಬ್ಬಿ, ಊಟದ ಪಾರ್ಸೆಲ್ ಡಬ್ಬಿ, ಅಂದರೆ ತ್ರಿಕೋನದೊಳಗೆ 2, 4, 5 ಎಂದು ಅಚ್ಚಾಗಿರುವ ಪಾಲಿಥೀನ್ ಮತ್ತು ಪಾಲಿಪ್ರೊಪಿಲೀನ್ ಮಾತ್ರ ನನಗೆ ಬೇಕು. ಅಂಕಿ ಅಳಿಸಿಹೋಗಿದ್ದರೆ ಚೂರು ಮಾಡಿ, ಸಾಬೂನು ಬೆರೆಸಿದ ನೀರಿಗೆ ಹಾಕುತ್ತೇನೆ: ತೇಲಿದ್ದು ಬೇಕು, ಮುಳುಗಿದ್ದು ಬೇಡ. ಸಾಬೂನಿಲ್ಲದಿದ್ದರೆ ತೆಳು ಚೂರುಗಳು ಮೇಲ್ಮೈಗೆ ಅಂಟಿಕೊಂಡು ತೇಲಿ ಮೋಸಮಾಡುತ್ತವೆ. ನೀರಿನ ಬಾಟಲಿಯ ಚೂರು ಮುಳುಗುತ್ತದೆ, ಅದರ ಮುಚ್ಚಳದ ಚೂರು ತೇಲುತ್ತದೆ. ಮುಳುಗಿದ್ದರಲ್ಲಿ ಪಿವಿಸಿ ಇದ್ದರೆ ಕಾದಾಗ ಹೈಡ್ರೋಜನ್ ಕ್ಲೋರೈಡ್ ಎಂಬ ಆಮ್ಲೀಯ ಅನಿಲ ಹೊರಟು ಉಸಿರಿಗೂ ಉಕ್ಕಿಗೂ ಕೇಡು. ಬಾಟಲಿಯ ಪೆಟ್ ಆದರೆ ಪುಡಿಯಂಥ ಆಮ್ಲವಾಗಿ ಕೊಳವೆಯಲ್ಲಿ ಕಟ್ಟಿಕೊಳ್ಳುತ್ತದೆ. ಅನುಮಾನವಿದ್ದರೆ ತಾಮ್ರದ ತಂತಿಯನ್ನು ಕೆಂಪಗೆ ಕಾಯಿಸಿ ಚೂರಿಗೆ ಒತ್ತಿ, ಮತ್ತೆ ಜ್ವಾಲೆಗೆ ಹಿಡಿದರೆ ಸಾಕು: ಉರಿ ಹಸಿರಾದರೆ ಕ್ಲೋರಿನ್ ಇದೆ, ಅಂದರೆ ಪಿವಿಸಿ ಇರಬಹುದು ಎಂದರ್ಥ. ಒಳಗೆ ಬೆಳ್ಳಿಯಂತೆ ಹೊಳೆಯುವ ಚಿಪ್ಸ್ ಪೊಟ್ಟಣಗಳನ್ನು, ತೇಲಲಿ ಮುಳುಗಲಿ, ಮುಟ್ಟುವುದೇ ಇಲ್ಲ.

ಉಳಿದದ್ದು ಸರಳವೆನಿಸಿದರೂ ಅಪಾಯದ ಕೆಲಸ. ಗಾಳಿ ಸೇರದ ಪಾತ್ರೆಯಲ್ಲಿ 400 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಉದ್ದನೆಯ ಅಣುಗಳು ತುಂಡಾಗಿ ಆವಿಯಾಗುತ್ತವೆ. ಆವಿ ತಣ್ಣೀರಿನಲ್ಲಿ ಮುಳುಗಿಸಿದ ಕೊಳವೆಯ ಮೂಲಕ ಹಾದು ಎಣ್ಣೆಯಾಗಿ ಇಳಿಯುತ್ತದೆ. ಹೊರದಾರಿ ಎಂದೂ ಮುಚ್ಚಬಾರದು, ಪಾತ್ರೆ ಪೂರ್ತಿ ತಣಿಯುವ ಮೊದಲು ಮುಚ್ಚಳ ತೆಗೆಯಬಾರದು. ಪಾಲಿಥೀನ್ ಹೆಚ್ಚಿದ್ದರೆ ಎಣ್ಣೆ ಮರುದಿನ ಮೇಣದಂತೆ ಹೆಪ್ಪುಗಟ್ಟುತ್ತದೆ.

ಬೈಕಿಗೆ ಹಾಕಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಇದರಲ್ಲಿ ಪೆಟ್ರೋಲ್, ಡೀಸೆಲ್, ಮೇಣ ಮೂರರ ಅಂಶವೂ ಬೇರ್ಪಡದೆ ಕೂಡಿರುವುದರಿಂದ ನಾನು ಹಾಕುವುದಿಲ್ಲ. ಬಯಲಿನ ಬರ್ನರ್‌ಗಷ್ಟೇ ಬಳಸುತ್ತೇನೆ, ಅದರಲ್ಲೂ ಒಂದು ಪಾಲು ಮುಂದಿನ ಸರದಿಯ ಪಾತ್ರೆಯನ್ನು ಕಾಯಿಸಲಿಕ್ಕೇ ಹೋಗುತ್ತದೆ.