ಸೂರ್ಯಕಾಂತಿಯ ಬುಡ ಕೊಳೆ: ಕೊನೆಗೆ ಕೆಲಸ ಮಾಡಿದ ಕ್ರಮ

ಲಕ್ಷಣ: ಹೂ ಬಿಡುವ ಹೊತ್ತಿಗೆ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಗಿಡ ದಿಢೀರನೆ ಬಾಡುತ್ತದೆ. ಮಣ್ಣಿಗೆ ತಾಗಿದ ಕಾಂಡದಲ್ಲಿ ನೀರು ಕುಡಿದಂಥ ಕಂದು ಮಚ್ಚೆ, ತೇವವಿದ್ದರೆ ಬಿಳಿ ಬೂಷ್ಟು. ಕಾಂಡ ಸೀಳಿದರೆ ಒಳಗೆ ಇಲಿ ಹಿಕ್ಕೆಯಂಥ ಗಟ್ಟಿ ಕಪ್ಪು ಗಂಟುಗಳು. ಇದು ಸ್ಕ್ಲೆರೋಟಿನಿಯಾ ಎಂಬ ಶಿಲೀಂಧ್ರದ ರೋಗ; ಆ ಗಂಟುಗಳ ರೂಪದಲ್ಲೇ ಅದು ಮಣ್ಣಿನಲ್ಲಿ ಉಳಿಯುತ್ತದೆ. ಕಾಳು ತುಂಬುವ ಮೊದಲೇ ಗಿಡ ಸತ್ತರೆ ಸಿಗುವುದು ಜೊಳ್ಳು ಮಾತ್ರ.

ಎಲೆಗೆ ಸಿಂಪಡಿಸಿದ ಶಿಲೀಂಧ್ರನಾಶಕ ಪ್ರಯೋಜನವಾಗಲಿಲ್ಲ. ಸೂರ್ಯಕಾಂತಿಯಲ್ಲಿ ಈ ಶಿಲೀಂಧ್ರ ಮಣ್ಣಿನ ಗಂಟಿನಿಂದ ನೇರ ಬೇರಿಗೇ ಹೊಕ್ಕುತ್ತದೆ, ಔಷಧಿ ಅಲ್ಲಿಗೆ ಇಳಿಯುವುದಿಲ್ಲ. ಆಳ ಉಳುಮೆಯಿಂದ ಹೂತುಹೋದ ಗಂಟುಗಳನ್ನು ಮುಂದಿನ ಉಳುಮೆ ಮೇಲೆತ್ತಿತು. ಕಡಲೆ, ಸಾಸಿವೆ, ಸೋಯಾ ಹಾಕಿ ಬೆಳೆ ಬದಲಿಸಿದ್ದೂ ವ್ಯರ್ಥ. ಅವೂ ಇದೇ ರೋಗದ ಆಸರೆ ಬೆಳೆಗಳು.

ಕೆಲಸ ಮಾಡಿದ್ದು ಗಂಟುಗಳನ್ನೇ ಕೊಲ್ಲುವ ದಾರಿ. ಕೋನಿಯೋಥೈರಿಯಂ ಮಿನಿಟಾನ್ಸ್ ಎಂಬ ಶಿಲೀಂಧ್ರ ಅವುಗಳನ್ನು ತಿಂದು ಬದುಕುತ್ತದೆ. ಬಿತ್ತನೆಗೆ ಸುಮಾರು 3 ತಿಂಗಳು ಮೊದಲು, ಅದಿರುವ ಜೈವಿಕ ಉತ್ಪನ್ನವನ್ನು ಲೇಬಲ್ ಹೇಳುವ ಪ್ರಮಾಣದಲ್ಲಿ ನೀರಿಗೆ ಬೆರೆಸಿ ಹಸಿ ಮಣ್ಣಿಗೆ ಸಿಂಪಡಿಸಿ, ತಕ್ಷಣ ಮೇಲಿನ 5 ಸೆಂ.ಮೀ. ಮಣ್ಣಿಗೆ ಸೇರಿಸಬೇಕು. ಆಮೇಲೆ ಬಿತ್ತುವವರೆಗೆ ಅದಕ್ಕಿಂತ ಆಳಕ್ಕೆ ಮಣ್ಣು ತಿರುವಬಾರದು, ಕೆಳಗಿನ ಜೀವಂತ ಗಂಟು ಮೇಲೆ ಬಂದುಬಿಡುತ್ತದೆ. ಮಣ್ಣು ಒಣಗಿದ್ದರೆ ಅಥವಾ ತೀರಾ ಬಿಸಿಯಾಗಿದ್ದರೆ ಈ ಜೀವಿ ಸುಮ್ಮನಿರುತ್ತದೆ; 10ರಿಂದ 25 ಡಿಗ್ರಿ ಅದಕ್ಕೆ ಹಿತ. ರಾಸಾಯನಿಕ ಶಿಲೀಂಧ್ರನಾಶಕದ ಜೊತೆ ಒಂದೇ ಟ್ಯಾಂಕಿಗೆ ಹಾಕಬೇಡಿ.

ಜೊತೆಗೆ ಕನಿಷ್ಠ 4 ವರ್ಷ ಮೆಕ್ಕೆಜೋಳ, ಜೋಳ, ಗೋಧಿಯಂಥ ಏಕದಳ ಬೆಳೆ. ಆ ವರ್ಷಗಳಲ್ಲಿ ಅಗಲ ಎಲೆಯ ಕಳೆಗಳನ್ನೂ ಬಿಡಬಾರದು. ಬಿತ್ತನೆ ಬೀಜವನ್ನು ಜರಡಿಯಷ್ಟೇ ಹಿಡಿದರೆ ಸಾಲದು: ಕೆಲವು ಗಂಟುಗಳು ಬೀಜದ ಗಾತ್ರದವೇ, ಕೈಯಿಂದ ಆರಿಸಲೇಬೇಕು.