ಕೆರೆತಕ್ಕೆ ಸ್ಟೀರಾಯ್ಡ್ ಮುಲಾಮು: ಬೆರಳ ತುದಿಯಷ್ಟು ಸಾಕು

ಕಾಫಿ ಹಣ್ಣು ಬಿಡಿಸುವಾಗ ಚಗಳಿ ಇರುವೆ ಕಚ್ಚದ ಕೈ ಮೂಡಿಗೆರೆ ಕಡೆ ಸಿಗುವುದು ಕಷ್ಟ. ಕೆರೆದೂ ಕೆರೆದೂ ಚರ್ಮ ಕೆಂಪಾದಾಗ ಅಂಗಡಿಗೆ ಹೋಗಿ ‘ಕೆರೆತಕ್ಕೆ ಒಂದು ಟ್ಯೂಬ್ ಕೊಡಿ’ ಎನ್ನುತ್ತೇವೆ. ಒಳಗೆ ಏನಿದೆ ಅಂತ ಓದುವುದೇ ಇಲ್ಲ, ಅಲ್ವಾ?

ಮೊದಲು ಅದನ್ನು ಓದಿ. ಹೈಡ್ರೋಕಾರ್ಟಿಸೋನ್ ಶೇ 1 ಎಂದಿದ್ದರೆ ಅದು ಸೌಮ್ಯವಾದ ಸ್ಟೀರಾಯ್ಡ್. ಹುಳ ಕಚ್ಚಿದ ಜಾಗಕ್ಕೆ, ಸೋಪು ಒಗ್ಗದೆ ಕೆರೆಯುವ ಕೈಗೆ, ಸಣ್ಣ ಇಸುಬಿಗೆ ಇಷ್ಟು ಸಾಕು. ಕ್ಲೊಬೆಟಾಸಾಲ್, ಬೆಟಾಮೆಥಾಸೋನ್ ಜೋರಿನವು. ಡಾಕ್ಟರ್ ಬರೆದುಕೊಡದೆ ಅವನ್ನು ಮುಟ್ಟಬೇಡಿ.

ಆಮೇಲೆ ಚರ್ಮ ನೋಡಿ. ಬಳೆಯ ಹಾಗೆ ದುಂಡಗಿದ್ದು, ಅಂಚು ಉಬ್ಬಿ, ನಡುವೆ ತಿಳಿಯಾಗಿದ್ದರೆ ಶಿಲೀಂಧ್ರದಿಂದ ಬರುವ ಹುಳುಕಡ್ಡಿ ಇರಬಹುದು. ಮಳೆಗಾಲದಲ್ಲಿ ಒದ್ದೆ ಬಟ್ಟೆಯಲ್ಲೇ ತೋಟದ ಕೆಲಸ ಮಾಡುವವರಿಗೆ ಇದು ಜಾಸ್ತಿ. ನಮ್ಮ ಚಿಕ್ಕಮ್ಮನ ಸೊಂಟದಲ್ಲಿ ಎಂಟಾಣೆ ಅಗಲದ್ದು ಇತ್ತು. ಯಾವುದೋ ಅಂಗಡಿಯ ಟ್ಯೂಬ್ ಹಚ್ಚಿದರು. ಎರಡೇ ದಿನಕ್ಕೆ ಕೆರೆತ ನಿಂತಿತು. ಬಿಟ್ಟರೆ ಮತ್ತೆ ಬಂತು, ಮತ್ತೆ ಹಚ್ಚಿದರು. ತಿಂಗಳೊಳಗೆ ಬೆನ್ನಿಗೆಲ್ಲ ಹಬ್ಬಿತು. ಸ್ಟೀರಾಯ್ಡ್ ಕೆಂಪನ್ನೂ ಕೆರೆತವನ್ನೂ ಅಡಗಿಸುತ್ತದೆ, ಶಿಲೀಂಧ್ರವನ್ನು ಸಾಯಿಸುವುದಿಲ್ಲ. ಚರ್ಮದ ಕಾವಲು ತಗ್ಗುವುದರಿಂದ ಅದು ಇನ್ನೂ ಆರಾಮಾಗಿ ಬೆಳೆಯುತ್ತದೆ. ಅನುಮಾನ ಇದ್ದರೆ ಹಚ್ಚಲೇಬೇಡಿ. ಕೀವು ತುಂಬಿದ ಜಾಗಕ್ಕೆ, ಹಸಿ ಗಾಯಕ್ಕೂ ಬೇಡ.

ಈಗ ಅಳತೆ. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಒಂದು ಎಳೆ ಹಿಂಡಿ. ಅದು ಸುಮಾರು ಅರ್ಧ ಗ್ರಾಂ. ಬೆರಳುಗಳೂ ಸೇರಿ ಎರಡು ಅಂಗೈ ಅಗಲದ ಜಾಗಕ್ಕೆ ಅಷ್ಟು ಸಾಲುತ್ತದೆ. ಚಗಳಿ ಕಚ್ಚಿದ್ದಕ್ಕೆ ಒಂದು ಚುಕ್ಕೆ ಸಾಕು. ಕೈ ತೊಳೆದು, ಚರ್ಮ ಒರೆಸಿ, ರೋಮ ಮಲಗಿದ ದಿಕ್ಕಿಗೆ ತೆಳ್ಳಗೆ ಸವರಿ. ದಿನಕ್ಕೆ ಒಂದು ಅಥವಾ ಎರಡು ಸಲ. ಮೇಲೆ ಬಿಗಿಯಾಗಿ ಕಟ್ಟಬೇಡಿ. ವ್ಯಾಸಲೀನ್ ಹಚ್ಚುವುದಿದ್ದರೆ ನಡುವೆ ಅರ್ಧ ಗಂಟೆ ಬಿಡಿ. ಒಣಗಿ ಬಿರಿದ ಚರ್ಮಕ್ಕೆ ಜಿಡ್ಡಿನ ಆಯಿಂಟ್‌ಮೆಂಟ್, ನೀರು ಜಿನುಗುವ ಕಡೆಗೆ ಕ್ರೀಮ್.

ಒಂದು ವಾರಕ್ಕೆ ನಿಲ್ಲಿಸಿ. ಕಡಿಮೆಯಾಗದಿದ್ದರೆ ಟ್ಯೂಬ್ ಬದಲಿಸುತ್ತ ಕೂರಬೇಡಿ, ಚರ್ಮದ ಡಾಕ್ಟರಿಗೆ ತೋರಿಸಿ. ಮುಖಕ್ಕೆ, ಮಕ್ಕಳಿಗೆ ಅವರನ್ನು ಕೇಳದೆ ಹಚ್ಚಲೇಬಾರದು. ಬೆಳ್ಳಗಾಗಲಿ ಅಂತ ದಿನಾ ಮುಖಕ್ಕೆ ಸವರುವ ಹುಡುಗಿಯರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಚರ್ಮ ತೆಳುವಾಗಿ, ಮೊಡವೆ ಎದ್ದು, ಬಿಟ್ಟ ಕೂಡಲೇ ಮುಖ ಕೆಂಡದಂತಾಗುತ್ತದೆ.

ಡಾಕ್ಟರ್ ಹತ್ತಿರ ಹೋಗುವಾಗ ಹಚ್ಚಿದ ಟ್ಯೂಬನ್ನೂ ಒಯ್ಯಿರಿ. ಸ್ಟೀರಾಯ್ಡ್ ಕಂಡ ಹುಳುಕಡ್ಡಿ ದುಂಡಗೆ ಉಳಿದಿರುವುದಿಲ್ಲ, ಗುರುತು ಹಿಡಿಯುವುದು ಕಷ್ಟ. ಚಿಕ್ಕಮ್ಮನ ಕಾಯಿಲೆ ಗೊತ್ತಾದದ್ದು ಆ ಖಾಲಿ ಟ್ಯೂಬಿನಿಂದಲೇ.