ಸರ್ವಿಸ್ ತಾರೀಖುಗಳನ್ನು ಎಕ್ಸೆಲ್‌ಗೆ ಒಪ್ಪಿಸಿದ ಬಗೆ

ಬೆಳಗಾವಿಯ ಉದ್ಯಮಬಾಗದ ಒಂದು ಮಷಿನ್ ಶಾಪ್‌ನಲ್ಲಿ ಮೇಂಟೆನೆನ್ಸ್ ನನ್ನ ಪಾಲಿನ ಕೆಲಸ. ಸಿಎನ್‌ಸಿ ಲೇತ್‌ಗಳು, ಹೈಡ್ರಾಲಿಕ್ ಪ್ರೆಸ್, ಸ್ಕ್ರೂ ಕಂಪ್ರೆಸರ್, ಒಂದು ಕ್ರೇನ್. ಇದಕ್ಕೆಂದೇ ಸಾಫ್ಟ್‌ವೇರ್ ಮಾರುವವರು ಆಗಾಗ ಬಂದು ಹೋಗುತ್ತಾರೆ. ನಮ್ಮಂಥ ಶೆಡ್ಡಿಗೆ ಎಕ್ಸೆಲ್ ಸಾಕೆಂಬುದು ನನ್ನ ಹಟ.

ಇರುವುದು ಎರಡೇ ಶೀಟ್. ಒಂದರಲ್ಲಿ ಮಷಿನ್, ಮಾಡಬೇಕಾದ ಕೆಲಸ, ಎಷ್ಟು ತಿಂಗಳಿಗೊಮ್ಮೆ ಎಂಬ ಲೆಕ್ಕ. ಇನ್ನೊಂದು ದಾಖಲೆ, ಕೆಲಸ ಮುಗಿದಾಗಲೆಲ್ಲ ಅಲ್ಲಿ ಹೊಸ ಸಾಲು ಸೇರುತ್ತದೆ. ‘ಕೊನೆಯ ಸರ್ವಿಸ್’ ಕಾಲಂನಲ್ಲಿ ಯಾರೂ ಕೈಯಿಂದ ಬರೆಯುವಂತಿಲ್ಲ. ಮ್ಯಾಕ್ಸ್‌ಇಫ್ಸ್ ಸೂತ್ರವೇ ಆ ಮಷಿನ್‌ನ ಆ ಕೆಲಸದ ತೀರ ಈಚಿನ ತಾರೀಖನ್ನು ದಾಖಲೆಯಿಂದ ಹೆಕ್ಕಿ ತರುತ್ತದೆ. ಹಳೆಯದನ್ನು ಅಳಿಸಿ ಹೊಸ ತಾರೀಖು ಬರೆಯುತ್ತ ಹೋದರೆ ಇತಿಹಾಸವೇ ಅಳಿದಂತೆ. ಆಡಿಟ್‌ನವರು ಕೇಳುವುದು ಅದನ್ನೇ. ಈ ಸೂತ್ರ ಎಕ್ಸೆಲ್ 2019ರಿಂದ ಈಚೆಗಿದೆ. ಸಿಕ್ಕ ತಾರೀಖಿಗೆ ಇಡೇಟ್ ಸೂತ್ರದಿಂದ ತಿಂಗಳು ಕೂಡಿಸಿದರೆ ಮುಂದಿನ ಗಡುವು. ನವೆಂಬರ್ 30ಕ್ಕೆ ಮೂರು ತಿಂಗಳು ಸೇರಿಸಿದರೆ ಅದು ತಾನಾಗಿ ಫೆಬ್ರವರಿಯ ಕೊನೆಯ ದಿನಕ್ಕೆ ಬಂದು ನಿಲ್ಲುತ್ತದೆ.

ತಲೆಗೆ ಕೆಲಸ ಕೊಟ್ಟದ್ದು ಕಂಪ್ರೆಸರ್. ನಮ್ಮ ಹಿರಿಯ ಫಿಟರ್ ಕಾಕಾ ಶೀಟ್ ನೋಡಿ, “ಸರ್, ಇದು ಓಡಿದ ಗಂಟೆ ಯಾರು ಎಣಿಸುತ್ತಾರೆ?” ಎಂದರು. ಕೈಪಿಡಿಯಲ್ಲಿ ಇದ್ದದ್ದೂ ಹಾಗೆಯೇ: 2000 ಗಂಟೆ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಎಣ್ಣೆ ಬದಲಿಸಿದಾಗ ಮೀಟರ್ 18,400 ಇತ್ತು ಎನ್ನಿ, ಗಡುವು 20,400. ಈ ಸೋಮವಾರದ ಓದು 19,800 ಆದರೆ ಉಳಿದದ್ದು 600 ಗಂಟೆ. ದಿನಕ್ಕೆ ಸರಾಸರಿ 15 ಗಂಟೆ ಓಡಿದರೆ 40 ದಿನ. ಆ 40ನ್ನು ಮೀಟರ್ ಓದಿದ ತಾರೀಖಿಗೆ ಕೂಡಿಸಬೇಕು, ಇಂದಿನ ತಾರೀಖು ಕೊಡುವ ಟುಡೇ ಸೂತ್ರಕ್ಕಲ್ಲ. ಟುಡೇಗೆ ಕೂಡಿಸಿದರೆ, ಮೀಟರ್ ಓದುವುದನ್ನು ಯಾರಾದರೂ ಮರೆತ ವಾರ ಗಡುವು ದಿನಕ್ಕೊಂದು ದಿನ ಮುಂದಕ್ಕೆ ಜಾರುತ್ತ ಹೋಗುತ್ತದೆ, ಗಂಟೆಯ ಗಡುವು ದಾಟಿದರೂ ಆ ಸಾಲು ಕೆಂಪಾಗುವುದಿಲ್ಲ. ಹೀಗೆ ಬಂದ ತಾರೀಖು, ವರ್ಷದ ಲೆಕ್ಕದ ತಾರೀಖು, ಇವೆರಡರಲ್ಲಿ ಮೊದಲಿನದನ್ನು ಮಿನ್ ಸೂತ್ರ ಆರಿಸಿಕೊಡುತ್ತದೆ.

ಬಣ್ಣದ ಕೆಲಸ ಸುಲಭ. ಗಡುವು ದಾಟಿದರೆ ಕೆಂಪು, ಏಳು ದಿನದೊಳಗಿದ್ದರೆ ಹಳದಿ, ಎರಡೂ ಕಂಡಿಷನಲ್ ಫಾರ್ಮ್ಯಾಟಿಂಗ್‌ನಲ್ಲಿ. ಆದರೆ ಒಂದು ಕಿಡಿಗೇಡಿತನವಿದೆ. ತಾರೀಖು ಬರಿಯ ಅಕ್ಷರವಾಗಿ ದಾಖಲಾದರೆ ಮ್ಯಾಕ್ಸ್‌ಇಫ್ಸ್ ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಸರ್ವಿಸ್ ಆಗಿದ್ದರೂ ಸಾಲು ಕೆಂಪಾಗಿಯೇ ಉಳಿಯುತ್ತದೆ. ಅಂಥ ತಾರೀಖು ಸಾಮಾನ್ಯವಾಗಿ ಸೆಲ್‌ನ ಎಡಕ್ಕೆ ಅಂಟಿಕೊಂಡು ನಿಲ್ಲುತ್ತದೆ, ನಿಜವಾದದ್ದು ಬಲಕ್ಕೆ. ಆದ್ದರಿಂದ ಆ ಕಾಲಂಗೆ ಡೇಟಾ ವ್ಯಾಲಿಡೇಷನ್ ಹಾಕಿ, ತಾರೀಖಲ್ಲದ್ದು ಒಳಗೆ ಬರದಂತೆ ಮಾಡಿದ್ದೇನೆ. ದಾಖಲೆಯೇ ಇಲ್ಲದ ಹೊಸ ಮಷಿನ್‌ಗೆ ಸೂತ್ರ ಸೊನ್ನೆ ಕೊಟ್ಟು, 1900ರ ಯಾವುದೋ ತಾರೀಖು ತೋರಿಸುತ್ತದೆ. ಇಫ್ ಸೂತ್ರ ಸೇರಿಸಿ ಅಲ್ಲಿ ‘ದಾಖಲೆ ಇಲ್ಲ’ ಎಂದು ಬರುವಂತೆ ಮಾಡಿದೆ.

ದಿನನಿತ್ಯದ ಕೆಲಸಗಳನ್ನು, ಎಂದರೆ ಎಣ್ಣೆ ಮಟ್ಟ ನೋಡುವುದು, ಚಿಪ್ಸ್ ತೆಗೆಯುವುದು ಇತ್ಯಾದಿಗಳನ್ನು, ಈ ಶೀಟ್‌ಗೆ ಸೇರಿಸಿಲ್ಲ. ಅವು ಮಷಿನ್ ಪಕ್ಕದ ಬೋರ್ಡಿನಲ್ಲಿವೆ. ಇಲ್ಲಿಗೆ ತಂದರೆ ಪ್ರತಿ ಬೆಳಗ್ಗೆ ಶೀಟೆಲ್ಲ ಕೆಂಪಾಗುತ್ತದೆ, ಆಮೇಲೆ ಯಾರೂ ಅದರತ್ತ ತಿರುಗಿಯೂ ನೋಡುವುದಿಲ್ಲ.